ಮನೆಗೆ ನೆಟ್ ಹಾಕಿಸುವ ಮುನ್ನ: ಮಲೆನಾಡಿನವರಿಗೊಂದು ಮಾರ್ಗದರ್ಶಿ

"ಯಾವ ನೆಟ್ ಹಾಕಿಸಿದರೆ ಒಳ್ಳೆಯದು?" ಎಂದು ಊರಿನವರು ಕೇಳಿದಾಗ ನಾನು ಕಂಪನಿಯ ಹೆಸರು ಹೇಳುವುದಿಲ್ಲ. ನಿಮ್ಮ ಮನೆಗೂ ಟಾರು ರಸ್ತೆಗೂ ಎಷ್ಟು ದೂರ, ನಡುವೆ ಎಷ್ಟು ಮರಗಳಿವೆ, ಪುನರ್ವಸು ಮಳೆಯಲ್ಲಿ ಕರೆಂಟು ಎಷ್ಟು ದಿನ ಹೋಗುತ್ತದೆ ಎಂದು ತಿರುಗಿ ಕೇಳುತ್ತೇನೆ. ಬೆಂಗಳೂರಿನಲ್ಲಿರುವವರು ದರ ಮತ್ತು ವೇಗದ ಪಟ್ಟಿ ಹಿಡಿದು ಹತ್ತು ನಿಮಿಷದಲ್ಲಿ ತೀರ್ಮಾನಕ್ಕೆ ಬರಬಹುದು. ನಮ್ಮಲ್ಲಿ ಆ ಪಟ್ಟಿಯ ಸರದಿ ಬರುವುದು ಆಮೇಲೆ.

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂಟಿಮನೆಯೊಂದರಲ್ಲಿ ಕುಳಿತು ಬೆಂಗಳೂರಿನ ಕಚೇರಿಯೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನೆಟ್ ನಿಂತ ದಿನ ನನ್ನ ದುಡಿಮೆಯೂ ನಿಲ್ಲುತ್ತದೆ. ಇಲ್ಲಿಗೆ ಬಂದ ಮೇಲೆ ಎರಡು ಬಾರಿ ಸಂಪರ್ಕ ಬದಲಿಸಿದ್ದೇನೆ. ನೆರೆಹೊರೆಯ ಹತ್ತು ಹನ್ನೆರಡು ಮನೆಗಳಿಗೆ ಹಾಕಿಸುವಾಗ ಜೊತೆಗೆ ನಿಂತಿದ್ದೇನೆ. ಯಾವುದರ ನಂತರ ಯಾವುದನ್ನು ವಿಚಾರಿಸಬೇಕು ಎಂಬುದನ್ನು ಆ ಅನುಭವದಿಂದಲೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಅಂಗಳದವರೆಗೆ ಏನು ಬರುತ್ತದೆ?

ಶಿವಮೊಗ್ಗದ ವಿನೋಬನಗರದಲ್ಲೋ ಗೋಪಾಳದಲ್ಲೋ ಮನೆಯಿದ್ದರೆ ಒಂದಕ್ಕಿಂತ ಹೆಚ್ಚು ಕಂಪನಿಗಳು ನಿಮ್ಮ ಬಾಗಿಲಿಗೆ ಬರುತ್ತವೆ. ಹೋಬಳಿ ಕೇಂದ್ರ ದಾಟಿ ಒಳಗೆ ಹೋದಂತೆ ಆಯ್ಕೆ ಕಡಿಮೆಯಾಗುತ್ತದೆ. ಆದ್ದರಿಂದ ಜಾಹೀರಾತು ಓದುವ ಮೊದಲು ಮನೆಯಿಂದ ರಸ್ತೆಯವರೆಗೆ ಒಮ್ಮೆ ನಡೆದು ಬನ್ನಿ. ಕಂಬಗಳ ಮೇಲೆ ಕಪ್ಪು ತೆಳು ಕೇಬಲ್ ಹಾದುಹೋಗಿದೆಯೇ, ಅಂಗೈಯಗಲದ ಪ್ಲಾಸ್ಟಿಕ್ ಪೆಟ್ಟಿಗೆ ಯಾವ ಕಂಬದಲ್ಲಿದೆ, ಅದು ಯಾರದು ಎಂದು ನೋಡಿ. ಹತ್ತಿರದ ಮನೆಯವರನ್ನು ಕೇಳಿದರೆ ಗೊತ್ತಾಗುತ್ತದೆ.

ದಾರಿಗಳು ಮುಖ್ಯವಾಗಿ ಮೂರು. ಒಂದು ಫೈಬರ್: ಬಿಎಸ್‌ಎನ್‌ಎಲ್‌ನ ಸ್ಥಳೀಯ ಫ್ರಾಂಚೈಸಿ, ಖಾಸಗಿ ಕಂಪನಿ ಅಥವಾ ಟಿವಿ ಕೇಬಲ್ ನಡೆಸುವವರ ಮೂಲಕ ಬರುವ ಗಾಜಿನ ಎಳೆ. ಎರಡನೆಯದು ಚಾವಣಿಯ ಮೇಲೆ ಒಂದು ಪೆಟ್ಟಿಗೆ ಕೂರಿಸಿ 5ಜಿ ಟವರಿನಿಂದ ಪಡೆಯುವ ನಿಸ್ತಂತು ಸಂಪರ್ಕ. ಏರ್‌ಫೈಬರ್ ಎಂಬ ಹೆಸರಿನಲ್ಲಿ ಮಾರುವುದು ಇದನ್ನೇ. ಹೆಸರಿನಲ್ಲಿ ಫೈಬರ್ ಇದ್ದರೂ ನಿಮ್ಮ ಮನೆಯವರೆಗೆ ಫೈಬರ್ ಬರುವುದಿಲ್ಲ ಎಂಬುದು ನೆನಪಿರಲಿ. ಟವರಿಗೂ ಚಾವಣಿಗೂ ನಡುವೆ ಗುಡ್ಡವಿದ್ದರೆ ಇದರ ಆಸೆ ಬಿಡಬೇಕು. ದಟ್ಟ ಮರಗಳಿದ್ದರೆ ಬೇಸಿಗೆಯಲ್ಲಿ ಚೆನ್ನಾಗಿ ಬಂದ ಸಿಗ್ನಲ್ ಮಳೆಗಾಲದಲ್ಲಿ ಕುಗ್ಗುತ್ತದೆ, ಏಕೆಂದರೆ ಒದ್ದೆ ಎಲೆ ರೇಡಿಯೋ ಅಲೆಗಳನ್ನು ಹೀರುತ್ತದೆ. ಮೂರನೆಯದು ಮೊಬೈಲ್ ಹಾಟ್‌ಸ್ಪಾಟ್. ಅದು ಆಪತ್ಕಾಲಕ್ಕೆ ಸರಿ, ಸಂಸಾರಕ್ಕೆ ಸಾಲದು.

ಗ್ರಾಮ ಪಂಚಾಯಿತಿ ಕಚೇರಿಯಲ್ಲಿಯೂ ವಿಚಾರಿಸಿ. 2011ರಲ್ಲಿ ಒಪ್ಪಿಗೆ ಪಡೆದು ಈಗ ಭಾರತ್‌ನೆಟ್ ಎನಿಸಿಕೊಂಡಿರುವ ಕೇಂದ್ರ ಸರ್ಕಾರದ ಯೋಜನೆ ಹುಟ್ಟಿದ್ದೇ ಪಂಚಾಯಿತಿಗಳಿಗೆ ಫೈಬರ್ ತಲುಪಿಸಲು. ಆ ಎಳೆ ನಿಮ್ಮ ಪಂಚಾಯಿತಿಯವರೆಗೆ ಬಂದು ಕೆಲಸ ಮಾಡುತ್ತಿದ್ದರೆ ಅಲ್ಲಿಂದ ಮನೆಗಳಿಗೆ ಸಂಪರ್ಕ ಕೊಡುವವರು ಯಾರು ಎಂಬುದು ಅಲ್ಲೇ ತಿಳಿಯುತ್ತದೆ.

ಎರಡನೆಯ ಹೆಜ್ಜೆ: ತುಂಡಾದರೆ ಜೋಡಿಸುವವರು ಯಾರು?

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು.

ಕೆಲವು ವರ್ಷಗಳ ಹಿಂದೆ ಯುಗಾದಿಯ ರಿಯಾಯಿತಿ ನೋಡಿ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ವೇಗದ ಯೋಜನೆಯೊಂದಕ್ಕೆ ಇಡೀ ವರ್ಷದ ಹಣ ಒಟ್ಟಿಗೆ ಕಟ್ಟಿದೆ. ಬೇಸಿಗೆಯೆಲ್ಲ ಸೊಗಸಾಗಿ ನಡೆಯಿತು. ಪುಷ್ಯ ಮಳೆಯ ಒಂದು ರಾತ್ರಿ ಮತ್ತಿ ಮರದ ಕೊಂಬೆ ಮುರಿದು ಕೇಬಲ್ ಮೇಲೆ ಬಿತ್ತು. ಮೋಡೆಮ್‌ನಲ್ಲಿ ಎಲ್‌ಒಎಸ್ ಎಂದು ಬರೆದ ಕೆಂಪು ದೀಪ ಮಿನುಗತೊಡಗಿತು. ಬೆಳಕು ಬರುತ್ತಿಲ್ಲ ಎಂದು ಅದರ ಅರ್ಥ. ಗ್ರಾಹಕ ಸೇವಾ ಕೇಂದ್ರಕ್ಕೆ ಕರೆ ಮಾಡಿದಾಗಲೆಲ್ಲ "24 ಗಂಟೆಯೊಳಗೆ" ಎಂಬ ಉತ್ತರ. ಎರಡು ಬಾರಿ ದುರಸ್ತಿಯಾಗಿದೆ ಎಂಬ ಸಂದೇಶವೂ ಬಂತು, ಕೆಂಪು ದೀಪ ಮಾತ್ರ ಆರಲಿಲ್ಲ. ಆ ಭಾಗದ ಕೆಲಸ ನೋಡಿಕೊಳ್ಳುತ್ತಿದ್ದ ಹುಡುಗ ಜೂನ್‌ನಲ್ಲೇ ಕೆಲಸ ಬಿಟ್ಟಿದ್ದ, ಅವನ ಜಾಗಕ್ಕೆ ಯಾರೂ ಬಂದಿರಲಿಲ್ಲ. ಹತ್ತೊಂಬತ್ತು ದಿನ ನಾನು ಲ್ಯಾಪ್‌ಟಾಪ್ ಹೊತ್ತು ತೀರ್ಥಹಳ್ಳಿಯ ನೆಂಟರ ಮನೆಗೆ ಬಸ್ಸಿನಲ್ಲಿ ಓಡಾಡಿದೆ.

ಈಗಿರುವ ಸಂಪರ್ಕದ ವೇಗ ಅದರ ಅರ್ಧಕ್ಕಿಂತ ಕಡಿಮೆ. ಆದರೆ ಇದರ ಲೈನ್‌ಮನ್ ಪಕ್ಕದ ಊರಿನವರು. "ಅಕ್ಕ, ಈ ಹೊಡೆತ ಕಡಿಮೆಯಾಗಲಿ, ಬರುತ್ತೇನೆ" ಎಂದರೆ ಮಳೆ ತುಸು ಇಳಿದ ಕೂಡಲೇ ಬರುತ್ತಾರೆ. ಕಳೆದ ಮಳೆಗಾಲದಲ್ಲಿ ಅವರು ಕೆಲಸ ಮಾಡುವುದನ್ನು ಕೊಡೆ ಹಿಡಿದು ನಿಂತು ನೋಡಿದೆ. ಎಳೆಯ ಒಂದು ತುದಿಗೆ ಪೆನ್ನಿನಂಥ ಕೆಂಪು ಲೇಸರ್ ಹಚ್ಚಿದರು. ಮುಸ್ಸಂಜೆಯಾಗಿತ್ತು, ತೋಟದ ಮಧ್ಯೆ, ಹಾಳೆ ಸಮೇತ ಬಿದ್ದ ಅಡಿಕೆ ಸೋಗೆಯ ಅಡಿಯಲ್ಲಿ, ಹೊದಿಕೆ ಸೀಳಿದ ಜಾಗದಿಂದ ಸಣ್ಣದೊಂದು ಕೆಂಪು ಬೆಳಕು ಹೊರಗೆ ಸೋರುತ್ತಿತ್ತು. ಅಲ್ಲಿ ಕತ್ತರಿಸಿ, ಹೊದಿಕೆ ಸುಲಿದು, ಕೂದಲಿನಷ್ಟು ಸಣ್ಣ ಗಾಜಿನ ಎಳೆಯನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ ಜೋಡಿಸಿದರು. ಒಂದು ಹನಿ ನೀರು ಒಳಹೊಕ್ಕರೂ ಆ ಜೋಡಣೆ ಹೆಚ್ಚು ದಿನ ಬಾಳುವುದಿಲ್ಲವೆಂದು ಅಷ್ಟು ಹೊತ್ತೂ ನಾನು ಕೊಡೆಯನ್ನು ಅವರ ಕೈಮೇಲೆ ಹಿಡಿದಿದ್ದೆ. ಇಂಥ ಒಬ್ಬರು ಹತ್ತು ಕಿಲೋಮೀಟರ್ ಒಳಗಿದ್ದಾರೆಯೇ ಎಂಬುದನ್ನು ಯಾವ ದರಪಟ್ಟಿಯೂ ಹೇಳುವುದಿಲ್ಲ.

ಹಾಗಾಗಿ ಮಾರಾಟ ಪ್ರತಿನಿಧಿಯ ಜೊತೆ ಮಾತಾಡಿದ್ದು ಸಾಕು ಎಂದುಕೊಳ್ಳಬೇಡಿ. ಲೈನ್‌ಮನ್ ಫೋನ್ ಸಂಖ್ಯೆ ಕೇಳಿ ಪಡೆದು, ಅವರಿಗೇ ಕರೆ ಮಾಡಿ. ಎಷ್ಟು ಮನೆಗಳನ್ನು ನೋಡಿಕೊಳ್ಳುತ್ತೀರಿ, ಜೋಡಣೆಯ ಯಂತ್ರ ನಿಮ್ಮ ಬಳಿಯೇ ಇದೆಯೇ ಅಥವಾ ಶಿವಮೊಗ್ಗದಿಂದ ಬರಬೇಕೇ, ಹೊಸ ಕೇಬಲ್ ಎಳೆಯಬೇಕಾದರೆ ಅದರ ಖರ್ಚು ಯಾರದು ಎಂದು ವಿಚಾರಿಸಿ. ಅದೇ ಕಂಪನಿಯ ಸಂಪರ್ಕವಿರುವ ಎರಡು ಮನೆಗಳಿಗೆ ಹೋಗಿ, "ಕಳೆದ ಮಳೆಗಾಲದಲ್ಲಿ ಒಟ್ಟು ಎಷ್ಟು ದಿನ ಇರಲಿಲ್ಲ?" ಎಂದಷ್ಟೇ ಕೇಳಿ. ಚೆನ್ನಾಗಿದೆಯೇ ಎಂದು ಕೇಳಿದರೆ ಚೆನ್ನಾಗಿದೆ ಎನ್ನುತ್ತಾರೆ. ದಿನಗಳ ಲೆಕ್ಕ ಕೇಳಿದರೆ ನಿಜ ಹೊರಬರುತ್ತದೆ.

ಮೊದಲ ಮಳೆಗಾಲ ದಾಟುವವರೆಗೆ ವರ್ಷದ ಹಣ ಮುಂಗಡ ಕಟ್ಟಬೇಡಿ. ತಿಂಗಳ ಲೆಕ್ಕದಲ್ಲಿ ಶುರುಮಾಡಿ, ಆಶ್ಲೇಷ ಮಳೆ ಕಳೆದ ಮೇಲೆ, ದೀಪಾವಳಿಯ ಹೊತ್ತಿಗೆ ವರ್ಷದ ಯೋಜನೆಗೆ ಬದಲಾಯಿಸಿದರೆ ರಿಯಾಯಿತಿಯೂ ಸಿಗುತ್ತದೆ, ಸಂಪರ್ಕದ ಗುಣವೂ ಗೊತ್ತಾಗಿರುತ್ತದೆ.

ಮೂರನೆಯ ಹೆಜ್ಜೆ: ನಿಮಗೆ ಎಷ್ಟು ವೇಗ ಬೇಕು?

ಇಲ್ಲಿ ಒಂದು ಗೊಂದಲ ನಿವಾರಿಸಿಕೊಳ್ಳಬೇಕು. ಕಂಪನಿಗಳು ವೇಗವನ್ನು ಹೇಳುವುದು ಮೆಗಾಬಿಟ್‌ನಲ್ಲಿ. ನಾವು ಫೈಲ್ ಇಳಿಸುವಾಗ ಕಾಣುವುದು ಮೆಗಾಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. 100 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ ಹನ್ನೆರಡೂವರೆ ಮೆಗಾಬೈಟ್ ಇಳಿಯುತ್ತದೆ. ಇದನ್ನು ಅರಿಯದೆ "ಮೋಸ ಮಾಡಿದರು" ಎಂದು ಜಗಳಕ್ಕೆ ಹೋದವರನ್ನು ಕಂಡಿದ್ದೇನೆ.

ನೆಟ್‌ಫ್ಲಿಕ್ಸ್ ತನ್ನ ಫುಲ್ ಎಚ್‌ಡಿ ಗುಣಮಟ್ಟಕ್ಕೆ 5 ಎಂಬಿಪಿಎಸ್, 4ಕೆ ಗುಣಮಟ್ಟಕ್ಕೆ 15 ಎಂಬಿಪಿಎಸ್ ಬೇಕೆನ್ನುತ್ತದೆ. ಸ್ಪಷ್ಟವಾದ ವಿಡಿಯೋ ಸಭೆಗೆ 4 ಎಂಬಿಪಿಎಸ್ ಧಾರಾಳ. ನಮ್ಮ ಮನೆಯನ್ನೇ ತೆಗೆದುಕೊಳ್ಳಿ. ಸಂಜೆ ಏಳು ಗಂಟೆಗೆ ಅತ್ತೆ ನಡುಮನೆಯ ಟಿವಿಯಲ್ಲಿ ಧಾರಾವಾಹಿ ನೋಡುತ್ತಾರೆ, ಮಗಳು ಜಗಲಿಯಲ್ಲಿ ಪಾಠದ ವಿಡಿಯೋ ಹಾಕಿಕೊಂಡಿರುತ್ತಾಳೆ, ನಾನು ಸಭೆಯಲ್ಲಿರುತ್ತೇನೆ, ಮೂರು ಮೊಬೈಲುಗಳು ತಮ್ಮ ಪಾಡಿಗೆ ಓಡುತ್ತಿರುತ್ತವೆ. ಎಲ್ಲ ಕೂಡಿಸಿದರೂ 20 ಎಂಬಿಪಿಎಸ್ ಆಸುಪಾಸು. ನಾಲ್ಕೈದು ಮಂದಿಯ ಮನೆಗೆ 30ರಿಂದ 50 ಎಂಬಿಪಿಎಸ್ ನಿಜವಾಗಿ ಸಿಕ್ಕರೆ ಬೇಕಾದಷ್ಟಾಯಿತು. ಕಾಗದದ ಮೇಲಿನ 200ಕ್ಕಿಂತ ಕೈಗೆ ಸಿಗುವ 40 ಮೇಲು.

ಅಪ್‌ಲೋಡ್ ವೇಗವನ್ನು ಹಲವರು ಕೇಳುವುದೇ ಇಲ್ಲ. ನಿಮ್ಮ ಮುಖ, ನಿಮ್ಮ ದನಿ, ನೀವು ಕಳಿಸುವ ಫೈಲ್ ಹೋಗುವುದು ಆ ದಾರಿಯಲ್ಲಿ. ಫೈಬರ್ ಯೋಜನೆಗಳಲ್ಲಿ ಎರಡೂ ವೇಗ ಒಂದೇ ಇರುವುದು ಸಾಮಾನ್ಯ. ನಿಸ್ತಂತು ಸಂಪರ್ಕದಲ್ಲಿ ಅಪ್‌ಲೋಡ್ ತೀರಾ ಕಡಿಮೆಯಿರಬಹುದು. ಮನೆಯಿಂದ ಕೆಲಸ ಮಾಡುವವರು ಬರವಣಿಗೆಯಲ್ಲಿ ಉತ್ತರ ಪಡೆಯಿರಿ.

ನಾಲ್ಕನೆಯ ಹೆಜ್ಜೆ: "ಅನಿಯಮಿತ" ಎಂಬ ಮಾತಿನ ಒಳಗೆ

ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಅನಿಯಮಿತ ಎಂದಿರುತ್ತದೆ, ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಒಂದು ಮಿತಿ. ಅದು ದಾಟಿದ ಮೇಲೆ ನೆಟ್ ನಿಲ್ಲುವುದಿಲ್ಲ, ವೇಗ ಬೀಳುತ್ತದೆ. ಫೈಬರ್‌ನಲ್ಲಿ ತಿಂಗಳಿಗೆ 3300 ಜಿಬಿ ಎಂಬ ಮಿತಿ ಹಲವು ಯೋಜನೆಗಳಲ್ಲಿ ಕಾಣುತ್ತದೆ. ದಿನಕ್ಕೆ 110 ಜಿಬಿ ಆಯಿತು. ಎಚ್‌ಡಿ ವಿಡಿಯೋ ಗಂಟೆಗೆ ಸುಮಾರು 3 ಜಿಬಿ ತಿನ್ನುತ್ತದೆ ಎಂದು ಹಿಡಿದರೆ, ದಿನದ ಇಪ್ಪತ್ತನಾಲ್ಕು ಗಂಟೆಯೂ ಟಿವಿ ಓಡಿಸಿದರೂ ಮುಗಿಯದು. ಆ ಮಿತಿಯ ಬಗ್ಗೆ ಸಾಮಾನ್ಯ ಸಂಸಾರ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ನಿಸ್ತಂತು ಯೋಜನೆಗಳಲ್ಲಿ ಮಿತಿ 1000 ಜಿಬಿ ಇರುವುದು ಹೆಚ್ಚು. ಅಲ್ಲಿ ಲೆಕ್ಕ ಹಾಕಲೇಬೇಕು. ಮೊಬೈಲಿನಲ್ಲಿ ದಿನಕ್ಕೆ 2 ಜಿಬಿ ಎಂದರೆ ಅದೇ ಎಚ್‌ಡಿ ವಿಡಿಯೋ ಬರೇ ನಲವತ್ತು ನಿಮಿಷ.

ನೆರೆಯವರೊಬ್ಬರ ಮನೆಯಲ್ಲಿ ಹೀಗಾಯಿತು. ಏರ್‌ಫೈಬರ್ ಮಾದರಿಯ 1000 ಜಿಬಿ ಯೋಜನೆ. ಟಿವಿ, ಮೊಬೈಲ್, ಮಕ್ಕಳ ಓದು ಎಲ್ಲ ಸೇರಿ ದಿನಕ್ಕೆ 20 ಜಿಬಿ ಆಗುತ್ತಿತ್ತು, ತಿಂಗಳಿಗೆ 600. ಏನೂ ತೊಂದರೆಯಿರಲಿಲ್ಲ. ಅಡಿಕೆ ಕೊಯ್ಲಿನ ಸಮಯದಲ್ಲಿ ಒಣಗಿಸುವ ಚಪ್ಪರದ ಮೇಲೆ ಕಣ್ಣಿಡಲು ಕ್ಯಾಮೆರಾ ಹಾಕಿಸಿದರು. ಅದು ಹಗಲೂ ರಾತ್ರಿ ಚಿತ್ರವನ್ನು ಕ್ಯಾಮೆರಾ ಕಂಪನಿಯ ಕ್ಲೌಡ್‌ಗೆ ನೆಟ್ ಮೂಲಕ ಕಳಿಸುವಂಥದ್ದು. ಸೆಕೆಂಡಿಗೆ 2 ಮೆಗಾಬಿಟ್ ಸಣ್ಣದಾಗಿ ಕಾಣುತ್ತದೆ, ಆದರೆ ದಿನಕ್ಕೆ 21.6 ಜಿಬಿ, ತಿಂಗಳಿಗೆ 648 ಜಿಬಿ ಆಯಿತು. ಎರಡೂ ಸೇರಿ ತಿಂಗಳ 24ನೆಯ ದಿನಕ್ಕೇ ಮಿತಿ ಮುಟ್ಟಿ, ಉಳಿದ ದಿನ ಮಗನ ತರಗತಿಯ ವಿಡಿಯೋ ತೆರೆಯಲಿಲ್ಲ. ಕಳಿಸಿದ್ದೂ ಲೆಕ್ಕಕ್ಕೆ ಸೇರುತ್ತದೆ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಕ್ಯಾಮೆರಾದೊಳಗೆ ಮೆಮೊರಿ ಕಾರ್ಡ್ ಹಾಕಿ, ಅಲುಗಾಟ ಕಂಡಾಗ ಮಾತ್ರ ಕಳಿಸುವಂತೆ ಬದಲಾಯಿಸಿದ ಮೇಲೆ ಸರಿಹೋಯಿತು.

ಆದ್ದರಿಂದ ಕೇಳಬೇಕಾದ್ದು ಎರಡು: ಮಿತಿ ಎಷ್ಟು, ದಾಟಿದ ಮೇಲೆ ವೇಗ ಎಷ್ಟು. ಎರಡನೆಯದೇ ಹೆಚ್ಚು ಮುಖ್ಯ. ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ಇರಬೇಕೆಂದು ದೂರಸಂಪರ್ಕ ಇಲಾಖೆ 2023ರಲ್ಲಿ ನಿಗದಿಪಡಿಸಿತು. ಅದಕ್ಕೆ ಮೊದಲು 512 ಕೆಬಿಪಿಎಸ್, ಅಂದರೆ ಸುಮಾರು ಅರ್ಧ ಎಂಬಿಪಿಎಸ್, ಇತ್ತು. ಬಿದ್ದ ಮೇಲೂ 2 ಅಥವಾ 4 ಎಂಬಿಪಿಎಸ್ ಉಳಿದರೆ ಬ್ಯಾಂಕಿನ ಕೆಲಸ, ವಾಟ್ಸ್‌ಆ್ಯಪ್ ಕರೆ ನಡೆಯುತ್ತವೆ. 64 ಕೆಬಿಪಿಎಸ್‌ಗೆ ಬೀಳುವ ಯೋಜನೆಯಾದರೆ ನೆಟ್ ಕಡಿತವಾದಂತೆಯೇ ಸರಿ.

ಐದನೆಯ ಹೆಜ್ಜೆ: ವರ್ಷದ ನಿಜವಾದ ಖರ್ಚು

ಜಾಹೀರಾತಿನ ಬೆಲೆಗೆ ಶೇಕಡ 18 ಜಿಎಸ್‌ಟಿ ಸೇರಿಸಿ. 499 ಎಂದು ಬರೆದದ್ದು ಬಿಲ್ಲಿನಲ್ಲಿ 588 ರೂಪಾಯಿ 82 ಪೈಸೆ ಆಗುತ್ತದೆ, ವರ್ಷಕ್ಕೆ 7 ಸಾವಿರ ದಾಟುತ್ತದೆ. ಮೋಡೆಮ್ ನಿಮ್ಮದೋ, ಬಾಡಿಗೆಯದೋ, ಠೇವಣಿ ಕಟ್ಟಬೇಕೋ. ಅಳವಡಿಕೆ ಶುಲ್ಕ ಎಷ್ಟು. ಉಚಿತ ಕೇಬಲ್ ಎಷ್ಟು ಮೀಟರ್, ಅದರಾಚೆ ಮೀಟರಿಗೆ ಎಷ್ಟು. ನಗರದವರಿಗೆ ಈ ಕೊನೆಯ ಪ್ರಶ್ನೆ ಬೇಕಿಲ್ಲ, ತೋಟದೊಳಗಿನ ಮನೆಯವರಿಗೆ ಇದೇ ದೊಡ್ಡ ಖರ್ಚು. ಒಟಿಟಿ ಚಾನೆಲ್ ಸೇರಿಸಿ ಮಾರುವ ಯೋಜನೆಗಳಲ್ಲಿ ನೀವು ನೋಡದ ಚಾನೆಲ್‌ಗೂ ಹಣ ಕೊಡುತ್ತಿರುತ್ತೀರಿ. ಬರೇ ನೆಟ್ ಇರುವ ಯೋಜನೆ ಕೇಳಿ. ಎಲ್ಲ ಕಂಪನಿಗಳ ದರಗಳನ್ನು ಒಂದೇ ಕಡೆ ನೋಡಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ದರ ಹೋಲಿಕೆ ಜಾಲತಾಣವಿದೆ. ಪ್ರತಿನಿಧಿ ಹೇಳಿದ ದರ ಅಲ್ಲಿನದಕ್ಕೆ ತಾಳೆಯಾಗುತ್ತದೆಯೇ ನೋಡಿ.

ಆರನೆಯ ಹೆಜ್ಜೆ: ಪಕ್ಕದ ಮನೆಯಲ್ಲಿ, ರಾತ್ರಿ ಎಂಟೂವರೆಗೆ

ಫೈಬರ್‌ನ ಒಂದೇ ಎಳೆಯನ್ನು 32 ಅಥವಾ 64 ಮನೆಗಳಿಗೆ ಹಂಚುವುದು ವಾಡಿಕೆ. ಮಧ್ಯಾಹ್ನ ಎಲ್ಲರೂ ತೋಟದಲ್ಲಿರುವಾಗ ವೇಗ ಚೆನ್ನಾಗಿಯೇ ಬರುತ್ತದೆ. ಅದೇ ಕಂಪನಿಯ ಸಂಪರ್ಕವಿರುವ ನೆರೆಮನೆಗೆ ರಾತ್ರಿ ಎಂಟೂವರೆ ಹೊತ್ತಿಗೆ ಹೋಗಿ, ಮೋಡೆಮ್ ಪಕ್ಕದಲ್ಲೇ ನಿಂತು ಪರೀಕ್ಷಿಸಿ. ಟ್ರಾಯ್‌ನದೇ ಮೈಸ್ಪೀಡ್ ಆ್ಯಪ್ ಇದೆ. ಸಾಧ್ಯವಾದರೆ ಒಂದು ಭಾನುವಾರ, ಒಂದು ವಾರದ ದಿನ, ಎರಡು ಸಲ ನೋಡಿ.

ಏಳನೆಯ ಹೆಜ್ಜೆ: ಹಾಕಿಸುವ ದಿನ ನೀವು ಜೊತೆಗಿರಿ

ಕೇಬಲ್ ಎಳೆಯುವವರಿಗೆ ಹತ್ತಿರದ ದಾರಿ ಬೇಕು, ನಿಮಗೆ ಬಾಳುವ ದಾರಿ. ಅಡಿಕೆ ಮರಕ್ಕೆ ಕಟ್ಟಲು ಬಿಡಬೇಡಿ. ಗಾಳಿಗೆ ಮರ ತೂಗಿದಷ್ಟೂ ಕೇಬಲ್ ಜಗ್ಗುತ್ತದೆ. ಔಷಧಿ ಹೊಡೆಯುವಾಗ, ಕೊನೆ ತೆಗೆಯುವಾಗ ದೋಟಿಯೋ ಹಗ್ಗವೋ ಸಿಕ್ಕಿಕೊಳ್ಳುತ್ತದೆ. ತೋಟದ ಅಂಚಿನ ಬೇಲಿಗುಂಟ, ಬಿದಿರಿನ ಅಥವಾ ಕಲ್ಲಿನ ಕಂಬದ ಮೇಲೆ, ಸುತ್ತಾದರೂ ಸರಿ, ತರಿಸಿಕೊಳ್ಳಿ. ಮೂಲೆಗಳಲ್ಲಿ ಕೇಬಲನ್ನು ಚೂಪಾಗಿ ಮಡಚಬಾರದು; ತುಂಡಾಗದಿದ್ದರೂ ಮಡಿಕೆಯಲ್ಲಿ ಬೆಳಕು ಸೋರುತ್ತದೆ. ಮನೆಯ ಹತ್ತಿರ ಏಳೆಂಟು ಮೀಟರ್ ಹೆಚ್ಚುವರಿ ಕೇಬಲನ್ನು ದೊಡ್ಡ ಸುರುಳಿಯಾಗಿ ಸುತ್ತಿಡಿಸಿ, ಮುಂದೆ ಜೋಡಿಸುವಾಗ ಅದು ನೆರವಿಗೆ ಬರುತ್ತದೆ.

ಕೆಲಸ ಮುಗಿದ ಮೇಲೆ ಮೀಟರ್ ಹಚ್ಚಿ ಬೆಳಕಿನ ಬಲ ತೋರಿಸಲು ಹೇಳಿ. ಅದನ್ನು ಅಳೆಯುವುದು ಡಿಬಿಎಂ ಎಂಬ ಮಾನದಲ್ಲಿ. ಮೈನಸ್ 20 ಆಸುಪಾಸು ಇದ್ದರೆ ನೆಮ್ಮದಿ. ಮೈನಸ್ 27ರ ಹತ್ತಿರ ಹೋದರೆ ಎಲ್ಲೋ ಜೋಡಣೆ ಕೆಟ್ಟಿದೆ, ಮಳೆಗಾಲದಲ್ಲಿ ಕೈಕೊಡುತ್ತದೆ. ಅಂದೇ ಸರಿಮಾಡಿಸಿ.

ಮೋಡೆಮ್ ಎಲ್ಲಿಡಬೇಕು? ಹಳೆಯ ಮನೆಗಳ ಜಂಬಿಟ್ಟಿಗೆ ಗೋಡೆ, ಮಣ್ಣಿನ ಗೋಡೆ ವೈಫೈಯನ್ನು ಹೀರುತ್ತವೆ. ಕೇಬಲ್ ಒಳಬರುವ ಜಗಲಿಯ ಮೂಲೆಯಲ್ಲೇ ಇಟ್ಟರೆ ಅಡುಗೆಮನೆಗೆ ಸಿಗ್ನಲ್ ಇರುವುದಿಲ್ಲ. ನಡುಮನೆಯಲ್ಲಿ, ಎತ್ತರದಲ್ಲಿ ಇಡಿ. ಮೋಡೆಮ್ ಎರಡು ಬ್ಯಾಂಡ್ ಕೊಡುತ್ತದೆ: 5 ಗಿಗಾಹರ್ಟ್ಸ್ ವೇಗದ್ದು, ಆದರೆ ಗೋಡೆ ದಾಟಲು ಹೆಣಗುತ್ತದೆ, 2.4 ನಿಧಾನ, ಆದರೆ ದೂರ ತಲುಪುತ್ತದೆ. ಕಂಪನಿಯನ್ನು ಬೈಯುವ ಮೊದಲು ಮೋಡೆಮ್ ಜಾಗ ಬದಲಿಸಿ ನೋಡಿ.

ಕರೆಂಟಿನದು ಇನ್ನೊಂದು ಕಥೆ. ಮೋಡೆಮ್‌ಗೆಂದೇ ಸಣ್ಣ ಯುಪಿಎಸ್ ಸಿಗುತ್ತದೆ. ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಎಷ್ಟೋ ಅಷ್ಟೇ ಇರುವುದನ್ನು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರುವುದನ್ನು ಕೊಳ್ಳಿ. ಆದರೆ ಅದನ್ನು ಕೊಳ್ಳುವ ಮೊದಲು ಲೈನ್‌ಮನ್‌ಗೆ ಈ ಪ್ರಶ್ನೆ ಕೇಳಿ: ನಮ್ಮ ಮನೆಗೆ ಬೆಳಕು ಕಳಿಸುವ ನಿಮ್ಮ ಕಡೆಯ ಯಂತ್ರಕ್ಕೆ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ? ಅಲ್ಲಿ ಎರಡು ಗಂಟೆಗೆ ಮುಗಿದರೆ ನಿಮ್ಮ ಮನೆಯಲ್ಲಿ ಎಂಟು ಗಂಟೆಯ ಯುಪಿಎಸ್ ಇದ್ದೂ ಫಲವಿಲ್ಲ.

ಏಪ್ರಿಲ್, ಮೇ ತಿಂಗಳ ಗುಡುಗು ಶುರುವಾದೊಡನೆ ಅಡಾಪ್ಟರ್ ಕಿತ್ತಿಡಿ. ಗಾಜಿನ ಎಳೆಯಲ್ಲಿ ಸಿಡಿಲು ಬರುವುದಿಲ್ಲ, ಆದರೆ ಕೇಬಲಿಗೆ ಬಲ ಕೊಡುವ ಉಕ್ಕಿನ ತಂತಿಯ ಮೂಲಕವೂ ಮನೆಯ ವಿದ್ಯುತ್ ತಂತಿಯ ಮೂಲಕವೂ ಬರುತ್ತದೆ. ಆ ಉಕ್ಕಿನ ತಂತಿಯನ್ನು ಗೋಡೆಯ ಹೊರಗೇ ಕತ್ತರಿಸಿ ಕಟ್ಟಿಸಿ, ಒಳಗೆ ತರಬೇಡಿ.

ಕೊನೆಯದು: ದೂರಿನ ಲೆಕ್ಕ ಮತ್ತು ಇನ್ನೊಂದು ದಾರಿ

ನೆಟ್ ಹೋದ ದಿನ, ಹೊತ್ತು, ದೂರಿನ ಡಾಕೆಟ್ ಸಂಖ್ಯೆ, ಬಂದ ದಿನ ಎಲ್ಲವನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಕೆಂಪು ದೀಪದ ಫೋಟೋ ತೆಗೆಯಿರಿ. ಆ ಹತ್ತೊಂಬತ್ತು ದಿನಗಳನ್ನು ನನ್ನ ಯೋಜನೆಯ ಅವಧಿಗೆ ಸೇರಿಸಲು ಕಂಪನಿಯವರು ಮೊದಲು ಒಪ್ಪಲಿಲ್ಲ. ಕ್ಯಾಲೆಂಡರಿನ ಪುಟದ ಚಿತ್ರದೊಂದಿಗೆ ಅವರದೇ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆದ ಮೇಲೆ ಸೇರಿಸಿದರು. ಕಂಪನಿಗಳಲ್ಲಿ ಇಂಥ ಮೇಲ್ಮನವಿ ವ್ಯವಸ್ಥೆ ಇರಬೇಕೆಂದು ಟ್ರಾಯ್ ನಿಯಮವಿದೆ. ಅಲ್ಲಿಯೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಅದರಾಚೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗ.

ಮನೆಯಿಂದ ದುಡಿಯುವವರು ಬೇರೆ ಕಂಪನಿಯ ಒಂದು ಸಿಮ್‌ಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಾದರೂ ರೀಚಾರ್ಜ್ ಮಾಡಿಸಿಟ್ಟುಕೊಳ್ಳಿ. ಆ ಸಿಮ್ ನಿಮ್ಮ ಫೈಬರ್ ಹಾದುಬರುವ ರಸ್ತೆಯ ಟವರಿನದಾಗಿರಬಾರದು. ರಸ್ತೆ ಅಗೆಯುವ ಜೆಸಿಬಿ ಒಮ್ಮೆ ಬಕೆಟ್ ಇಳಿಸಿದರೆ ಮನೆಗೆ ಬರುವ ಎಳೆಯೂ ಟವರಿಗೆ ಹೋಗುವ ಎಳೆಯೂ ಒಟ್ಟಿಗೇ ತುಂಡಾಗಬಹುದು. ನಮ್ಮ ಮನೆಯ ಹಿಂದಿನ ಗುಡ್ಡದ ನೆತ್ತಿಯಲ್ಲಿ ಆಚೆ ಕಣಿವೆಯ ಟವರ್ ಸಿಗುತ್ತದೆ. ಎಲ್ಲಿ ನಿಂತರೆ ಎರಡು ಕಡ್ಡಿ ಬರುತ್ತದೆ ಎಂಬುದನ್ನು ಬೇಸಿಗೆಯಲ್ಲೇ ಗುರುತು ಹಾಕಿಟ್ಟಿದ್ದೇನೆ. ಅಲ್ಲೊಂದು ತಗಡಿನ ಸೂರನ್ನೂ ಕಟ್ಟಿಸಿದ್ದೇನೆ.